ಫ್ಲಟರ್: ಮೊಬೈಲ್‌ಗೂ ವೆಬ್‌ಗೂ ಒಂದೇ ಕೋಡ್, ವರ್ಷಗಟ್ಟಲೆ ಬಳಸಿದ ಮೇಲೆ

ಒಂದೇ ಕೋಡ್ ಬರೆದು ಮೊಬೈಲ್, ವೆಬ್ ಎರಡಕ್ಕೂ ಆ್ಯಪ್ ಮಾಡಲು ಗೂಗಲ್ ಕೊಟ್ಟ ಸಾಧನ ಫ್ಲಟರ್. ನನ್ನ ಅಂಕ: ಮೊಬೈಲ್‌ಗೆ ಐದಕ್ಕೆ ಐದು. ವೆಬ್‌ಗೆ ಮೂರು, ಅದೂ ಲಾಗಿನ್ ಆದ ಮೇಲಿನ ಪುಟಗಳಿಗೆ ಮಾತ್ರ. ಇಷ್ಟು ಗೊತ್ತಾದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಹೀಗೆ ಅಂತ ಕೇಳುವವರಿಗೆ ಮುಂದಿನದು.

ನಮ್ಮ ಆ್ಯಪ್ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಅಂಕ ಕೊಟ್ಟಿರೋದು ಅದರ ಮೇಲೆ. ರಿಪೇರಿ ಕೆಲಸಕ್ಕೆ ಹೊರಗೆ ಓಡಾಡುವ ಟೆಕ್ನಿಷಿಯನ್‌ಗಳು ಮೊಬೈಲ್‌ನಲ್ಲಿ ಅಂದಿನ ಕೆಲಸಗಳ ಪಟ್ಟಿ ನೋಡುತ್ತಾರೆ, ಫೋಟೋ ತೆಗೆದು ಹಾಕುತ್ತಾರೆ, ಗ್ರಾಹಕರ ಸಹಿ ಪಡೆಯುತ್ತಾರೆ. ಆಫೀಸಿನಲ್ಲಿ ಕೂತವರು ಅದೇ ಮಾಹಿತಿಯನ್ನು ಬ್ರೌಸರ್‌ನಲ್ಲಿ ನೋಡಿ ಕೆಲಸ ಹಂಚುತ್ತಾರೆ. ತಂಡ ಚಿಕ್ಕದು. ಆಂಡ್ರಾಯ್ಡ್‌ಗೆ ಒಂದು, ಐಫೋನ್‌ಗೆ ಒಂದು, ವೆಬ್‌ಗೆ ಇನ್ನೊಂದು ಅಂತ ಮೂರು ಕೋಡ್‌ಬೇಸ್ ಸಾಕುವ ಶಕ್ತಿ ನಮಗೆ ಇರಲಿಲ್ಲ. 2021ರ ಮಾರ್ಚ್‌ನಲ್ಲಿ ಫ್ಲಟರ್ 2 ಬಂದು ವೆಬ್ ಬೆಂಬಲ ಸ್ಟೇಬಲ್ (ನಂಬಿ ಬಳಸುವಷ್ಟು ಸ್ಥಿರ) ಅಂತ ಘೋಷಣೆ ಆಯಿತು. ಅಲ್ಲಿಂದ ಇಲ್ಲಿವರೆಗೆ ಮೂರೂ ಕಡೆ ಒಂದೇ ಕೋಡ್ ಓಡುತ್ತಿದೆ.

ಮೊಬೈಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫ್ಲಟರ್ ಫೋನಿನ ಸ್ವಂತ ಬಟನ್‌ಗಳನ್ನು ಬಳಸುವುದಿಲ್ಲ, ಪರದೆಯ ಮೇಲಿನ ಎಲ್ಲವನ್ನೂ ತಾನೇ ಬಿಡಿಸುತ್ತದೆ. ಹಾಗಾಗಿ ಆಂಡ್ರಾಯ್ಡ್‌ನಲ್ಲಿ ಸರಿ ಕಂಡದ್ದು ಐಫೋನ್‌ನಲ್ಲೂ ಬಹುಪಾಲು ಸರಿಯೇ ಇರುತ್ತದೆ. ಮೊದಮೊದಲು ಐಫೋನ್‌ನಲ್ಲಿ ಹೊಸ ಅನಿಮೇಷನ್ ಮೊದಲ ಸಲ ಓಡುವಾಗ ಒಂದು ಕ್ಷಣ ತಡವರಿಸುತ್ತಿತ್ತು. ಶೇಡರ್‌ಗಳು, ಅಂದರೆ ಚಿತ್ರ ಬಿಡಿಸಲು ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಂಗಳು, ಆಗಷ್ಟೇ ಕಂಪೈಲ್ ಆಗುತ್ತಿದ್ದದ್ದು ಅದಕ್ಕೆ ಕಾರಣ. 2023ರಲ್ಲಿ ಬಂದ ಫ್ಲಟರ್ 3.10ರಿಂದ ಐಫೋನ್‌ನಲ್ಲಿ ಇಂಪೆಲ್ಲರ್ ಅನ್ನುವ ಹೊಸ ರೆಂಡರರ್ (ಪರದೆ ಬಿಡಿಸುವ ಭಾಗ) ಡಿಫಾಲ್ಟ್ ಆಯಿತು, ಆ ತೊಂದರೆ ಹೋಯಿತು. ಐಫೋನ್ ಬಿಲ್ಡ್‌ಗೆ ಮ್ಯಾಕ್ ಬೇಕೇ ಬೇಕು, ಅದಕ್ಕೆ ಫ್ಲಟರ್ ಬಳಿಯೂ ಮದ್ದಿಲ್ಲ. ಉಳಿದಂತೆ ದೂರು ಹೇಳೋಕೆ ಏನೂ ಇಲ್ಲ.

ವೆಬ್ ಕಥೆ ಬೇರೆ. ಅಲ್ಲಿಯೂ ಫ್ಲಟರ್ ಇದೇ ಕೆಲಸ ಮಾಡುತ್ತದೆ: ವೆಬ್ ಪುಟಗಳ ಮಾಮೂಲಿ ಭಾಷೆಯಾದ ಎಚ್‌ಟಿಎಂಎಲ್ ಬರೆಯುವ ಬದಲು ಒಂದು ಕ್ಯಾನ್ವಾಸ್ ಹಾಸಿ ಅದರ ಮೇಲೆ ಅಕ್ಷರ, ಬಟನ್, ಟೇಬಲ್ ಎಲ್ಲವನ್ನೂ ಬಿಡಿಸುತ್ತದೆ. ಇದಕ್ಕೆ ಬೇಕಾಗುವ ಕ್ಯಾನ್ವಾಸ್‌ಕಿಟ್ ಅನ್ನುವ ಲೈಬ್ರರಿ ಒಂದೇ ಸುಮಾರು 1.5 ಎಂಬಿ ಡೌನ್‌ಲೋಡ್. ನಮ್ಮ ಆ್ಯಪಿನ ಕೋಡ್ ಅದರ ಮೇಲೆ. ಮೊದಲು ಎಚ್‌ಟಿಎಂಎಲ್ ರೆಂಡರರ್ ಅಂತ ಹಗುರವಾದ ಇನ್ನೊಂದು ದಾರಿ ಇತ್ತು. 2025ರಲ್ಲಿ ಬಂದ 3.29ರಲ್ಲಿ ಅದನ್ನು ತೆಗೆದೇ ಹಾಕಿದರು. ದಿನವಿಡೀ ಒಂದೇ ಟ್ಯಾಬ್ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ ಬೆಳಗ್ಗೆ ಒಂದು ಸಲ ಕಾಯೋದು ದೊಡ್ಡ ವಿಷಯ ಅಲ್ಲ. ಆದರೆ ಆಫೀಸಿನವರು ಒಂದು ಟ್ಯಾಬ್‌ನಲ್ಲಿ ಎಲ್ಲಿ ಇರುತ್ತಾರೆ? ಹತ್ತು ಕೆಲಸಗಳನ್ನು ಹತ್ತು ಟ್ಯಾಬ್‌ಗಳಲ್ಲಿ ತೆರೆದಿಟ್ಟು ಹೋಲಿಸೋದು ಅವರ ಅಭ್ಯಾಸ. ಪ್ರತಿ ಟ್ಯಾಬ್‌ನಲ್ಲೂ ಇಡೀ ಆ್ಯಪ್ ಹೊಸದಾಗಿ ಎದ್ದು ನಿಲ್ಲಬೇಕು. ಫೈಲುಗಳು ಕ್ಯಾಶ್‌ನಲ್ಲಿ, ಅಂದರೆ ಬ್ರೌಸರ್ ಮೊದಲೇ ಉಳಿಸಿಟ್ಟ ಪ್ರತಿಯಾಗಿ, ಇದ್ದರೂ ಆ ಎದ್ದೇಳುವ ಹೊತ್ತು ಕಣ್ಣಿಗೆ ಕಾಣುತ್ತದೆ.

ಆಮೇಲೆ ಕಂಟ್ರೋಲ್-ಎಫ್. ಆಫೀಸಿನಿಂದ ನಮಗೆ ಬಂದ ದೂರುಗಳಲ್ಲಿ ಅತಿ ಹೆಚ್ಚು ಸಲ ಬಂದದ್ದು ಇದೇ. ಪರದೆ ಮೇಲೆ ಗ್ರಾಹಕರ ಹೆಸರು ಎದುರಿಗೇ ಇದೆ, ಬ್ರೌಸರ್‌ನಲ್ಲಿ ಹುಡುಕಿದರೆ ಸಿಗಲ್ಲ. ಬ್ರೌಸರ್ ಪಾಲಿಗೆ ಅಲ್ಲಿ ಅಕ್ಷರವೇ ಇಲ್ಲ, ಇರೋದು ಒಂದು ಚಿತ್ರ. ಕಾಪಿ ಮಾಡೋದೂ ಹಾಗೇ. 2022ರಲ್ಲಿ ಸೆಲೆಕ್ಷನ್ ಏರಿಯಾ ಅನ್ನುವ ವಿಜೆಟ್ (ಪರದೆ ಕಟ್ಟುವ ತುಂಡು) ಬಂದ ಮೇಲೆ ಅದರೊಳಗೆ ಪುಟವನ್ನು ಇಟ್ಟರೆ ಅಕ್ಷರ ಸೆಲೆಕ್ಟ್ ಆಗುತ್ತದೆ. ಹುಡುಕೋದಕ್ಕೆ ಮಾತ್ರ ನಾವೇ ಒಂದು ಸರ್ಚ್ ಪೆಟ್ಟಿಗೆ ಮಾಡಿಕೊಟ್ಟೆವು. ಎಚ್‌ಟಿಎಂಎಲ್‌ನಲ್ಲಿ ಸುಮ್ನೆ ಬರುವ ಸೌಲಭ್ಯಕ್ಕೆ ಇಲ್ಲಿ ಕೂಲಿ ಕೊಡಬೇಕು.

ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರ ವಿಷಯವನ್ನಂತೂ ಮೊದಲ ದಿನವೇ ನೋಡಿಕೊಳ್ಳಿ. ವೆಬ್‌ನಲ್ಲಿ ಫ್ಲಟರ್‌ನ ಸೆಮ್ಯಾಂಟಿಕ್ಸ್, ಅಂದರೆ ಪರದೆಯಲ್ಲಿ ಏನಿದೆ ಅಂತ ರೀಡರ್‌ಗೆ ಹೇಳುವ ವ್ಯವಸ್ಥೆ, ತಾನಾಗಿ ಆನ್ ಆಗಿರುವುದಿಲ್ಲ. ಕಣ್ಣಿಗೆ ಕಾಣದ ಒಂದು ಬಟನ್ ಇರುತ್ತದೆ, ಅದನ್ನು ಒತ್ತಿದ ಮೇಲೆಯೇ ಪುಟದ ವಿವರ ರೀಡರ್‌ಗೆ ಸಿಗೋದು. ಕೋಡ್‌ನಲ್ಲಿ ಒಂದು ಸಾಲು ಹಾಕಿ ಶುರುವಿನಲ್ಲೇ ಆನ್ ಮಾಡಬಹುದು. ನಾವು ಹಾಗೇ ಮಾಡಿದ್ದೇವೆ.

ಇನ್ನು ಕನ್ನಡ. ನಿಮ್ಮ ಆ್ಯಪಿನೊಳಗೆ ಕನ್ನಡ ಫಾಂಟ್ ಇಟ್ಟಿಲ್ಲ ಅಂದುಕೊಳ್ಳಿ. ಮೊಬೈಲ್‌ನಲ್ಲಿ ಫೋನಿನದೇ ಫಾಂಟ್ ಸಿಗುತ್ತದೆ, ಏನೂ ಗೊತ್ತಾಗಲ್ಲ. ವೆಬ್‌ನಲ್ಲಿ ಕ್ಯಾನ್ವಾಸ್‌ಕಿಟ್‌ಗೆ ಕಂಪ್ಯೂಟರಿನ ಫಾಂಟ್ ಕೈಗೆ ಸಿಗುವುದಿಲ್ಲ. ಅಕ್ಷರ ಇಲ್ಲ ಅಂತ ಕಂಡಾಗ ಗೂಗಲ್‌ನ ಸರ್ವರ್‌ನಿಂದ ನೋಟೋ ಫಾಂಟ್ ತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಕನ್ನಡ ಇರಬೇಕಾದ ಕಡೆ ಖಾಲಿ ಚೌಕಗಳು. ಹೊರಗಿನ ಸರ್ವರ್‌ಗಳನ್ನು ಬ್ಲಾಕ್ ಮಾಡಿದ ನೆಟ್‌ವರ್ಕ್ ಆದರೆ ಚೌಕಗಳು ಅಲ್ಲೇ ಉಳಿಯುತ್ತವೆ. ಫಾಂಟನ್ನು ಆ್ಯಪ್ ಜೊತೆಗೇ ಕಟ್ಟಿಬಿಡಿ, ಡೌನ್‌ಲೋಡ್ ಸ್ವಲ್ಪ ದಪ್ಪ ಆದರೂ ಪರವಾಗಿಲ್ಲ.

ಇದನ್ನೆಲ್ಲ ಓದಿ ಫ್ಲಟರ್ ವೆಬ್ ಕೆಟ್ಟದು ಅಂದುಕೊಳ್ಳಬೇಡಿ. ಲೇಖನ, ಬ್ಲಾಗ್ ಥರದ ಓದುವ ಪುಟಗಳಿಗೆ ಇದು ಹೊಂದುವುದಿಲ್ಲ ಅಂತ ಅವರ ಡಾಕ್ಯುಮೆಂಟೇಷನ್‌ನಲ್ಲೇ ಬರೆದಿದೆ. ಯಾರೂ ಮುಚ್ಚಿಟ್ಟಿಲ್ಲ. ಕೆಲಸ ಹಂಚುವ ಬೋರ್ಡ್ ನಮ್ಮಲ್ಲಿ ಒಂದಿದೆ, ಕಾರ್ಡ್‌ಗಳನ್ನು ಎಳೆದು ಒಬ್ಬರಿಂದ ಇನ್ನೊಬ್ಬರಿಗೆ ಹಾಕುವಂಥದ್ದು. ಅದು ಬ್ರೌಸರ್‌ನಲ್ಲಿ ಬೆಣ್ಣೆಯ ಹಾಗೆ ಓಡುತ್ತದೆ.

ಒಂದೇ ಕೋಡ್ ಅಂದಾಗ ಎಲ್ಲರ ತಲೆಗೆ ಬರೋದು ಪರದೆ. ನಮಗೆ ನಿಜವಾದ ಲಾಭ ಬಂದದ್ದು ಪರದೆಯ ಕೆಳಗಿನ ಪದರದಿಂದ. ಫೋಟೋ, ಸಹಿ ಎರಡೂ ಇಲ್ಲದೆ ಕೆಲಸ ಮುಗಿದಿದೆ ಅಂತ ಗುರುತು ಹಾಕುವ ಹಾಗಿಲ್ಲ ಅನ್ನೋದು ಒಂದು ನಿಯಮ. ಮುಗಿದ ಕೆಲಸವನ್ನು ಮತ್ತೆ ತೆರೆಯುವ ಅಧಿಕಾರ ಯಾರಿಗೆ, ಎರಡು ಕೆಲಸಗಳ ಸಮಯ ಒಂದರ ಮೇಲೊಂದು ಬಿದ್ದರೆ ಏನು, ಇಂಥವು ಇನ್ನೂ ಎಷ್ಟೋ. ಇವೆಲ್ಲ ಫ್ಲಟರ್‌ನ ಭಾಷೆಯಾದ ಡಾರ್ಟ್‌ನಲ್ಲಿ ಬರೆದ ಒಂದು ಬೇರೆ ಪ್ಯಾಕೇಜ್‌ನಲ್ಲಿವೆ. ಅದರೊಳಗೆ ಫ್ಲಟರ್‌ನ ಒಂದು ಇಂಪೋರ್ಟ್ ಕೂಡ ಇಲ್ಲ. ಎಮ್ಯುಲೇಟರ್ (ಕಂಪ್ಯೂಟರಿನೊಳಗಿನ ನಕಲಿ ಫೋನ್) ಎಬ್ಬಿಸದೆ ಟೆಸ್ಟ್ ಓಡುತ್ತವೆ. ನಿಯಮ ಬದಲಾದರೆ ಒಂದು ಕಡೆ ತಿದ್ದಿದರೆ ಆಯಿತು. ಮೊಬೈಲ್‌ನಲ್ಲಿ ಒಂದು ಥರ, ವೆಬ್‌ನಲ್ಲಿ ಇನ್ನೊಂದು ಥರ ಅನ್ನುವ ಜಗಳ ನಮ್ಮಲ್ಲಿ ಬಂದೇ ಇಲ್ಲ. ಪರದೆಗಳನ್ನು ಮಾತ್ರ ಕಾಲ ಕಳೆದ ಹಾಗೆ ಬೇರೆ ಬೇರೆ ಬರೆಯುತ್ತಾ ಬಂದೆವು. ಒಂದು ಕೈಯಲ್ಲಿ ಫೋನ್ ಹಿಡಿದು ನಿಂತವರಿಗೆ ಬೇಕಾದ ಪರದೆ, ಕೀಬೋರ್ಡ್ ಮುಂದೆ ಕೂತವರಿಗೆ ಬೇಕಾದ ಪರದೆ ಒಂದೇ ಆಗೋದು ಹೇಗೆ, ಅಲ್ವಾ?

ಕೆಳಗಿನ ಪದರದಲ್ಲೂ ಎಡವಿ ಬೀಳುವಂಥ ಕೆಲವು ಗುಂಡಿಗಳಿವೆ. ನನಗೆ ಅತಿ ಸ್ವಾರಸ್ಯ ಅನಿಸಿದ್ದು ಇಂಟ್, ಅಂದರೆ ಪೂರ್ಣಸಂಖ್ಯೆ ಇಡುವ ಟೈಪ್. ಮೊಬೈಲ್‌ನಲ್ಲಿ ಡಾರ್ಟ್‌ನ ಇಂಟ್ ಪೂರ್ತಿ 64 ಬಿಟ್. ವೆಬ್‌ಗೆ ಅಂತ ಬ್ರೌಸರ್‌ನ ಭಾಷೆಯಾದ ಜಾವಾಸ್ಕ್ರಿಪ್ಟ್ ಆಗಿ ಕಂಪೈಲ್ ಆದಾಗ ಅದೇ ಇಂಟ್ ಜಾವಾಸ್ಕ್ರಿಪ್ಟ್‌ನ ನಂಬರ್ ಆಗುತ್ತದೆ. ಆ ನಂಬರ್ 9007199254740991ರ ತನಕ ಮಾತ್ರ ಪೂರ್ಣಸಂಖ್ಯೆಗಳನ್ನು ತಪ್ಪದೆ ಹಿಡಿಯುತ್ತದೆ. ಸರ್ವರ್ ಕೊಟ್ಟ ಐಡಿ 9007199254740993 ಆದರೆ ಬ್ರೌಸರ್‌ನಲ್ಲಿ ಅದು 9007199254740992 ಆಗಿ ಕೂರುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಒಂದು ಕೆಲಸ ಒತ್ತಿದರೆ ಪಕ್ಕದ ಕೆಲಸ ತೆರೆಯುತ್ತದೆ, ಅದೂ ವೆಬ್‌ನಲ್ಲಿ ಮಾತ್ರ. ವಾಸಮ್ (ವೆಬ್‌ಅಸೆಂಬ್ಲಿ, ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಬದಲು ಓಡುವ ಬೈನರಿ ಕೋಡ್) ಬಿಲ್ಡ್‌ನಲ್ಲಿ ಇಂಟ್ ಪೂರ್ತಿ 64 ಬಿಟ್ ಇರುತ್ತದೆ, ಆದರೆ ವಾಸಮ್ ಓಡದ ಬ್ರೌಸರ್ ಸಿಕ್ಕರೆ ಮತ್ತೆ ಜಾವಾಸ್ಕ್ರಿಪ್ಟೇ ಗತಿ. ದೊಡ್ಡ ಐಡಿಗಳನ್ನು ಸರ್ವರ್‌ನಿಂದಲೇ ಸ್ಟ್ರಿಂಗ್ ಆಗಿ ಕಳಿಸೋದು ಸುಖ.

ಫೈಲುಗಳದ್ದೂ ಇಂಥದ್ದೇ. ಫೈಲು ಓದಿ ಬರೆಯುವ ಡಾರ್ಟ್‌ನ ಐಒ ಲೈಬ್ರರಿ ಬ್ರೌಸರ್‌ನಲ್ಲಿ ಕೆಲಸ ಮಾಡುವುದಿಲ್ಲ. ಫೋಟೋ ಅಪ್‌ಲೋಡ್ ಮಾಡುವ ಕೋಡ್ ಫೈಲಿನ ದಾರಿ ಹಿಡಿದು ಹೋಗುವ ಬದಲು ಬೈಟ್‌ಗಳನ್ನು ಹಿಡಿದು ಹೋಗುವ ಹಾಗೆ ಬರೆದರೆ ಎರಡೂ ಕಡೆ ನಡೆಯುತ್ತದೆ. ಡಾರ್ಟ್ ಪ್ಯಾಕೇಜ್‌ಗಳ ಭಂಡಾರವಾದ ಪಬ್‌ನಲ್ಲಿ ಯಾವ ಪ್ಯಾಕೇಜ್ ತಗೊಂಡರೂ ಮೊದಲು ಪುಟದ ಮೇಲ್ಗಡೆ ವೆಬ್ ಅನ್ನುವ ಗುರುತು ಇದೆಯಾ ನೋಡಿ. ಇಲ್ಲದಿದ್ದರೆ ಅದು ಎಷ್ಟೇ ಚೆನ್ನಾಗಿದ್ದರೂ ನಿಮ್ಮದಲ್ಲ.

ಬ್ಯಾಕೆಂಡ್, ಅಂದರೆ ಸರ್ವರ್ ಕಡೆಯ ಭಾಗ, ಒಂದೇ ಇಟ್ಟದ್ದರ ಬಗ್ಗೆ ಎರಡು ಮಾತು ಬೇಡ, ಅದು ಸರಿಯಾದ ನಿರ್ಧಾರ. ಆದರೆ ಬ್ಯಾಕೆಂಡ್ ಒಂದೇ ಇದ್ದರೂ ಬಾಗಿಲು ಬೇರೆ ಬೇರೆ ಇಡಬೇಕಾಗುತ್ತದೆ. ಮೊಬೈಲ್‌ನಲ್ಲಿ ಟೋಕನ್ (ಲಾಗಿನ್ ಆದದ್ದಕ್ಕೆ ಸಾಕ್ಷಿ ಚೀಟಿ) ಐಫೋನ್‌ನ ಕೀಚೈನ್ ಅಥವಾ ಆಂಡ್ರಾಯ್ಡ್‌ನ ಕೀಸ್ಟೋರ್ ಆಸರೆಯಲ್ಲಿ ಭದ್ರವಾಗಿರುತ್ತದೆ. ಬ್ರೌಸರ್‌ನಲ್ಲಿ ಅಂಥ ಜಾಗ ಇಲ್ಲ. ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟರೆ ಪುಟದಲ್ಲಿ ಓಡುವ ಯಾವ ಸ್ಕ್ರಿಪ್ಟ್ ಬೇಕಾದರೂ ಓದಬಹುದು. ಹಾಗಾಗಿ ವೆಬ್‌ಗೆ ಸ್ಕ್ರಿಪ್ಟ್‌ಗಳು ಓದಲಾಗದ ಎಚ್‌ಟಿಟಿಪಿ-ಓನ್ಲಿ ಕುಕಿ, ಮೊಬೈಲ್‌ಗೆ ಟೋಕನ್ ಅಂತ ಎರಡು ದಾರಿ ಮಾಡಿದ್ದೇವೆ. ಒಳಗೆ ಹೋದ ಮೇಲೆ ಎಲ್ಲ ಒಂದೇ.

ಕಾರ್ಸ್ (ಬೇರೆ ಡೊಮೈನ್‌ನ ಮಾಹಿತಿ ಓದಲು ಆ ಡೊಮೈನ್‌ನ ಅನುಮತಿ ಬೇಕು ಅನ್ನುವ ವ್ಯವಸ್ಥೆ) ಕೂಡ ಬ್ರೌಸರ್‌ನದ್ದೇ ತಲೆನೋವು, ಮೊಬೈಲ್ ಆ್ಯಪ್‌ಗೆ ಅದರ ಸುದ್ದಿಯೇ ಇಲ್ಲ. ಇದು ಫ್ಲಟರ್‌ನಲ್ಲಿ ಚಿತ್ರಗಳಿಗೂ ತಟ್ಟುತ್ತದೆ. ಮಾಮೂಲಿ ಎಚ್‌ಟಿಎಂಎಲ್ ಪುಟದಲ್ಲಿ ಬೇರೆ ಡೊಮೈನ್‌ನ ಫೋಟೋ ಹಾಗೇ ಕಾಣುತ್ತದೆ. ಫ್ಲಟರ್ ಫೋಟೋದ ಬೈಟ್‌ಗಳನ್ನು ತರಿಸಿಕೊಂಡು ಕ್ಯಾನ್ವಾಸ್ ಮೇಲೆ ಬಿಡಿಸಬೇಕು, ಅದಕ್ಕೆ ಆ ಡೊಮೈನ್ ಅನುಮತಿ ಕೊಟ್ಟಿರಬೇಕು. ಟೆಕ್ನಿಷಿಯನ್ ಫೋನಿನಲ್ಲಿ ಕಾಣುವ ಫೋಟೋ ಆಫೀಸಿನಲ್ಲಿ ಕಾಣದಿದ್ದರೆ ಮೊದಲು ಸ್ಟೋರೇಜ್‌ನ ಕಾರ್ಸ್ ಸೆಟ್ಟಿಂಗ್ ನೋಡಿ.

ಎಲ್ಲಕ್ಕಿಂತ ಜಾಸ್ತಿ ಶಿಸ್ತು ಕೇಳೋದು ಹಳೆ ವರ್ಷನ್‌ಗಳು. ವೆಬ್‌ನಲ್ಲಿ ಹೊಸದು ಹಾಕಿದ ಕೂಡಲೇ ಎಲ್ಲರಿಗೂ ಹೊಸದು ಅಂತ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಟ್ಯಾಬ್ ಮುಚ್ಚದೇ ವಾರಗಟ್ಟಲೆ ಬಿಡುವವರು ಇರುತ್ತಾರೆ. ಜೊತೆಗೆ ಫ್ಲಟರ್‌ನ ಮುಖ್ಯ ಜಾವಾಸ್ಕ್ರಿಪ್ಟ್ ಫೈಲಿನ ಹೆಸರು ಪ್ರತಿ ಬಿಲ್ಡ್‌ಗೂ ಒಂದೇ, ಹಾಗಾಗಿ ಕ್ಯಾಶ್ ಹೆಡರ್ ಸರಿ ಇಡದಿದ್ದರೆ ಬ್ರೌಸರ್ ಹಳೆಯದನ್ನೇ ಬಡಿಸುತ್ತದೆ. ಮೊಬೈಲ್‌ನಲ್ಲಿ ಇನ್ನೂ ಕಷ್ಟ. ಸ್ಟೋರ್‌ನ ಪರಿಶೀಲನೆ ಮುಗಿಯಬೇಕು, ಆಮೇಲೆ ಬಳಸುವವರು ಅಪ್‌ಡೇಟ್ ಮಾಡಬೇಕು. ಹಳೆಯದರಲ್ಲೇ ತಿಂಗಳುಗಟ್ಟಲೆ ಇರುವವರು ಇದ್ದೇ ಇರುತ್ತಾರೆ. ಅಷ್ಟೂ ಜನರಿಗೆ ಒಂದೇ ಬ್ಯಾಕೆಂಡ್ ಉತ್ತರ ಕೊಡಬೇಕು.

ಉದಾಹರಣೆಗೆ ಕೆಲಸದ ಸ್ಥಿತಿ. ಬಾಕಿ, ನಡೆಯುತ್ತಿದೆ, ಮುಗಿದಿದೆ ಅಂತ ಮೂರಿದ್ದವು. ಬಿಡಿಭಾಗಕ್ಕೆ ಕಾಯುತ್ತಿದೆ ಅಂತ ನಾಲ್ಕನೆಯದು ಬೇಕಾಯಿತು. ಸರ್ವರ್‌ನಲ್ಲಿ ಸೇರಿಸೋದು ಐದು ನಿಮಿಷದ ಕೆಲಸ. ಆದರೆ ಡಾರ್ಟ್‌ನಲ್ಲಿ ಎನಮ್‌ನ (ನಿಗದಿಯಾದ ಹೆಸರುಗಳ ಪಟ್ಟಿ) ಹೆಸರು ಹುಡುಕುವ ಬೈ-ನೇಮ್‌ಗೆ ಗೊತ್ತಿಲ್ಲದ ಹೆಸರು ಕೊಟ್ಟರೆ ಅದು ಆರ್ಗ್ಯುಮೆಂಟ್ ಎರರ್ ಎಸೆಯುತ್ತದೆ. ಹಳೆ ಆ್ಯಪಿಗೆ ಆ ನಾಲ್ಕನೆಯ ಹೆಸರು ಹೋದರೆ ಆ ಒಂದು ಕೆಲಸ ಅಷ್ಟೇ ಅಲ್ಲ, ಇಡೀ ಪಟ್ಟಿಯೇ ತೆರೆಯದೆ ಹೋಗಬಹುದು. ಗೊತ್ತಿಲ್ಲದ್ದು ಬಂದರೆ ಇತರೆ ಅಂತ ತೋರಿಸುವ ಪಾರ್ಸರ್ (ಸರ್ವರ್ ಉತ್ತರ ಓದುವ ಕೋಡ್) ಮೊದಲ ವರ್ಷನ್‌ನಿಂದಲೇ ಇರಬೇಕು. ಫೀಲ್ಡ್ ಸೇರಿಸಬಹುದು, ತೆಗೆಯುವ ಹಾಗಿಲ್ಲ, ಅರ್ಥ ಬದಲಿಸುವ ಹಾಗಂತೂ ಇಲ್ಲವೇ ಇಲ್ಲ. ಆ್ಯಪ್ ಪ್ರತಿ ಕರೆಯಲ್ಲೂ ತನ್ನ ವರ್ಷನ್ ಕಳಿಸುತ್ತದೆ. ತೀರಾ ಹಳೆಯದಾದರೆ ಸರ್ವರ್ 426 (ಅಪ್‌ಗ್ರೇಡ್ ಬೇಕು ಅನ್ನುವ ಸಂಕೇತ) ಉತ್ತರ ಕೊಡುತ್ತದೆ, ಆ್ಯಪ್ ಅಪ್‌ಡೇಟ್ ಮಾಡಿ ಅನ್ನುವ ಪರದೆ ತೋರಿಸುತ್ತದೆ. ಈ ಪರದೆಯೂ ಮೊದಲ ವರ್ಷನ್‌ನಲ್ಲೇ ಇರಬೇಕು. ಆಮೇಲೆ ಸೇರಿಸಿದರೆ ಯಾರಿಗೆ ಬೇಕೋ ಅವರ ಫೋನಿನಲ್ಲೇ ಅದು ಇರಲ್ಲ.

ಅಪ್‌ಗ್ರೇಡ್‌ಗಳ ಬಗ್ಗೆಯೂ ಹೇಳಬೇಕು. ಫ್ಲಟರ್ ಬೇಗ ಬೇಗ ಬದಲಾಗುತ್ತದೆ. 2021ರಲ್ಲಿ ನಲ್ ಸೇಫ್ಟಿ (ಖಾಲಿ ಬೆಲೆಯಿಂದ ಆಗುವ ತಪ್ಪನ್ನು ಕೋಡ್ ಓಡುವ ಮೊದಲೇ ಹಿಡಿಯುವ ವ್ಯವಸ್ಥೆ) ಬಂತು, 2023ರ ಡಾರ್ಟ್ 3ರಲ್ಲಿ ಅದು ಕಡ್ಡಾಯ ಆಯಿತು. ಬ್ರೌಸರ್ ಜೊತೆ ಮಾತಾಡುವ ಹಳೆ ಎಚ್‌ಟಿಎಂಎಲ್ ಲೈಬ್ರರಿಯನ್ನು ಬಿಟ್ಟು ಹೊಸ ವೆಬ್ ಪ್ಯಾಕೇಜ್‌ಗೆ ಹೋಗಬೇಕಾಯಿತು. ಫ್ರೇಮ್‌ವರ್ಕ್‌ನ ಬದಲಾವಣೆಗಳಿಗೆ ಬಹುಪಾಲು ದಾರಿ ಬರೆದಿಟ್ಟಿರುತ್ತಾರೆ. ಸಿಕ್ಕಿಹಾಕಿಕೊಳ್ಳೋದು ನೋಡಿಕೊಳ್ಳುವವರಿಲ್ಲದ ಹೊರಗಿನ ಪ್ಯಾಕೇಜ್‌ಗಳಲ್ಲಿ. ಸಹಿ ಬಿಡಿಸುವ ಪ್ಯಾಕೇಜ್ ಒಂದನ್ನು ನಾವು ಇದೇ ಕಾರಣಕ್ಕೆ ಕಿತ್ತು, ಸ್ವಂತದ್ದು ಬರೆದೆವು. ಬೆರಳು ಎಳೆದ ಗೆರೆ ಬಿಡಿಸೋದು ಅಷ್ಟೇ ತಾನೆ, ಅದಕ್ಕೆ ಪ್ಯಾಕೇಜ್ ಯಾಕೆ.

ಬೇರೆ ಆಯ್ಕೆ ನೋಡುವವರಿಗೆ: ತಂಡಕ್ಕೆ ರಿಯಾಕ್ಟ್ (ವೆಬ್ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಚೆನ್ನಾಗಿ ಗೊತ್ತಿದ್ದು ವೆಬ್ಬೇ ಮುಖ್ಯ ಆಗಿದ್ದರೆ ಅದರ ಮೊಬೈಲ್ ರೂಪವಾದ ರಿಯಾಕ್ಟ್ ನೇಟಿವ್ ಕಡೆ ಹೋಗಿ. ಅದರ ವೆಬ್ ರೂಪ ನಿಜವಾದ ಎಚ್‌ಟಿಎಂಎಲ್ ಬರೆಯುತ್ತದೆ. ಪರದೆಗಳನ್ನು ಆಯಾ ಕಡೆಯ ಸ್ವಂತ ರೀತಿಯಲ್ಲೇ ಬರೆದು ನಿಯಮಗಳನ್ನಷ್ಟೇ ಹಂಚಿಕೊಳ್ಳಬೇಕು ಅಂದರೆ 2023ರ ನವೆಂಬರ್‌ನಲ್ಲಿ ಸ್ಟೇಬಲ್ ಆದ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಇದೆ.

ನಮ್ಮಲ್ಲಿ ಈಗ ಗ್ರಾಹಕರಿಗೆ ಮೆಸೇಜ್‌ನಲ್ಲಿ ಹೋಗುವ ಲಿಂಕ್, ಅಂದರೆ ನಿಮ್ಮ ರಿಪೇರಿ ಎಲ್ಲಿಗೆ ಬಂತು ಅನ್ನುವ ಪುಟ, ಫ್ಲಟರ್‌ನಿಂದ ಹೊರಗೆ ಬಂದಿದೆ. ಅದೇ ಬ್ಯಾಕೆಂಡ್, ಸರ್ವರ್‌ನಲ್ಲೇ ತಯಾರಾಗುವ ಸಾದಾ ಎಚ್‌ಟಿಎಂಎಲ್. ಒಂದು ಸಾಲು ಓದೋಕೆ ಬಂದವರಿಗೆ ಇಡೀ ಆ್ಯಪ್ ಇಳಿಸೋದರಲ್ಲಿ ಅರ್ಥ ಇರಲಿಲ್ಲ. ಆಫೀಸಿನ ದೊಡ್ಡ ಟೇಬಲ್ ಪುಟವನ್ನೂ ಹಾಗೇ ಬೇರೆ ಮಾಡೋಣವಾ ಅಂತ ತಂಡದಲ್ಲಿ ಚರ್ಚೆ ನಡೀತಿದೆ. ಬೇಡ ಅನ್ನುವವರ ವಾದ, ಆಗ ನಿಯಮಗಳನ್ನು ಇನ್ನೊಂದು ಭಾಷೆಯಲ್ಲಿ ಎರಡನೇ ಸಲ ಬರೆಯಬೇಕು ಅಂತ. ಡಾರ್ಟ್ ಪ್ಯಾಕೇಜನ್ನು ಒಂಟಿಯಾಗಿ ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಮಾಡಿ ಬಳಸಬಹುದು ಅನ್ನೋದು ನನ್ನ ವಾದ. ಬೋರ್ಡ್ ಮಾತ್ರ ಫ್ಲಟರ್‌ನಲ್ಲೇ ಇರಲಿ ಅನ್ನೋದರಲ್ಲಿ ಇಬ್ಬರಿಗೂ ತಕರಾರಿಲ್ಲ.