ಅಕ್ಕಿಯೊಳಗಿನ ಬಿಳಿ ಕಲ್ಲು ಆರಿಸುವ ‘ಕ್ಯಾಟ್ -ಎ’: ಕನ್ನಡ ಪಟ್ಟಿಗಳಿಗೆ ಎಷ್ಟು ಉಪಯೋಗ?

ಊರವಾರು ಬಾಕಿ ಲೆಕ್ಕ ತೆಗೆದಾಗ ‘ಸಿಂಧನೂರು’ ಎರಡು ಸಾಲಾಗಿ ಬರುತ್ತದೆ. ಪರದೆ ಮೇಲೆ ಎರಡೂ ತದ್ರೂಪು. ಹೆಸರು ಹೊಂದಿಸುವ ಎಕ್ಸೆಲ್ ಸೂತ್ರ ವಿ-ಲುಕಪ್ ಒಂದನ್ನು ಹಿಡಿಯುತ್ತದೆ, ಇನ್ನೊಂದನ್ನು ಬಿಡುತ್ತದೆ. ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕವಿರಲಿ, ರಾಯಚೂರಿನ ಹತ್ತಿ ಖರೀದಿಯ ರೈತರ ಪಟ್ಟಿಯಿರಲಿ, ನಾಲ್ಕು ಕಡೆಯಿಂದ ಬಂದ ಎಕ್ಸೆಲ್ ಹಾಳೆಗಳನ್ನು ಒಂದುಗೂಡಿಸುವವರಿಗೆ ಈ ಕಾಟ ಹೊಸದಲ್ಲ. ಅಕ್ಕಿಯಲ್ಲಿ ಬೆರೆತ ಬಿಳಿ ಕಲ್ಲಿನ ಹಾಗೆ, ಕಣ್ಣಿಗೆ ತಪ್ಪಿಸಿಕೊಂಡು ಹಲ್ಲಿಗೆ ಸಿಗುತ್ತದೆ. ಆರಿಸಲು ಖರ್ಚಿಲ್ಲದ ಸಾಧನವೊಂದು ಲಿನಕ್ಸ್‌ನ ಪ್ರತಿ ಗಣಕದಲ್ಲೂ ಇದೆ: ಕಡತವನ್ನು ಪರದೆಗೆ ತರುವ ಕ್ಯಾಟ್ ಆಜ್ಞೆಯ ‘-ಎ’ ಆಯ್ಕೆ, ಕಾಣದ ಅಕ್ಷರಗಳನ್ನೂ ತೋರಿಸುತ್ತದೆ.

(ಇಲ್ಲಿ ಆಜ್ಞೆಗಳನ್ನೂ ಪರದೆಯ ಗುರುತುಗಳನ್ನೂ ಕನ್ನಡದಲ್ಲೇ ಬರೆದಿದೆ, ಟೈಪಿಸುವಾಗ ಇಂಗ್ಲಿಷ್ ಅಕ್ಷರ. ‘ಕ್ಯಾಟ್ -ಎ’ಯಲ್ಲಿ ದೊಡ್ಡ ಎ, ಉಳಿದ ಆಯ್ಕೆಗಳೆಲ್ಲ ಚಿಕ್ಕಕ್ಷರ.)

ಇಡೀ ಕಡತವನ್ನು ಸುರಿಯಬೇಡಿ. ‘ಹೆಡ್ -5 ಪಟ್ಟಿ.ಸಿಎಸ್‌ವಿ | ಕ್ಯಾಟ್ -ಎ’ ಅಂದರೆ ಮೊದಲ ಐದು ಸಾಲು ಸಾಕು. ಪ್ರತಿ ಸಾಲಿನ ಕೊನೆಗೆ $ ಬರುತ್ತದೆ, ಟ್ಯಾಬ್ ಇದ್ದಲ್ಲಿ ^ಐ. $ಗೆ ಮುಂಚೆ ಖಾಲಿ ಜಾಗ ಕಂಡರೆ ಸಾಲಿನ ಬಾಲದಲ್ಲಿ ಸ್ಪೇಸ್ ಉಳಿದಿದೆ ಎಂದರ್ಥ. ^ಎಂ$ ಕಂಡರೆ ಕಡತ ವಿಂಡೋಸ್‌ನಿಂದ ಬಂದದ್ದು. ಅಲ್ಲಿ ಸಾಲು ಮುಗಿಸಲು ಎರಡು ಬೈಟ್ (ಬೈಟ್ ಅಂದರೆ ಕಡತದ ಚಿಕ್ಕ ಘಟಕ, 0ರಿಂದ 255ರೊಳಗಿನ ಒಂದು ಸಂಖ್ಯೆ), ಲಿನಕ್ಸ್‌ನಲ್ಲಿ ಒಂದೇ. ಕೊನೆಯ ಕಾಲಮ್ಮಿನ ಹೆಸರು ಮಾತ್ರ ಹೊಂದದೆ ಉಳಿದವೆಲ್ಲ ಹೊಂದುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ಇಷ್ಟರ ಮಟ್ಟಿಗೆ ಸಾಧನಕ್ಕೆ ಐದಕ್ಕೆ ಐದು ಕೊಡಬಹುದು.

ಕನ್ನಡ ಬಂದಾಗ ಕಥೆ ಬೇರೆ. ಲಿನಕ್ಸ್‌ನಲ್ಲಿರುವ ಗ್ನೂ ಕ್ಯಾಟ್‌ಗೆ ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಗೊತ್ತಿಲ್ಲ, ಗೊತ್ತಿರುವುದು ಬೈಟ್ ಮಾತ್ರ. 128 ಅಥವಾ ಅದಕ್ಕೆ ಮೇಲ್ಪಟ್ಟ ಬೈಟ್ ಸಿಕ್ಕರೆ 128 ಕಳೆದು, ಉಳಿದದ್ದರ ಮುಂದೆ ‘ಎಂ-’ ಹಚ್ಚುತ್ತದೆ. ಯೂನಿಕೋಡನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ (ಮೂಲ ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಒಂದೊಂದೂ ಒಂದು ಸಂಕೇತ) ಮೂರು ಬೈಟ್. ಹಾಗಾಗಿ ‘ರ’ ಒಂದೇ ಅಕ್ಷರ ‘ಎಂ-`ಎಂ-2ಎಂ-0’ ಆಗುತ್ತದೆ, ‘ರಾಯಚೂರು’ ಏಳು ಸಂಕೇತ, 21 ಬೈಟ್, ಒಂದು ಮಾರುದ್ದದ ಸಾಲು. ಮೊದಲ ಸಲ ನೋಡಿದವರು ಕಡತವೇ ಕೆಟ್ಟಿತೆಂದು ಹೆದರುವುದುಂಟು. ಕೆಟ್ಟಿಲ್ಲ.

ಈ ಗೋಜಲಿಗೂ ಒಂದು ಲೆಕ್ಕವಿದೆ, ಕಲಿಯಲು ಹತ್ತು ನಿಮಿಷ ಸಾಕು. ಕನ್ನಡವಾದರೆ ಪ್ರತಿ ಮೂರರ ಗುಂಪೂ ‘ಎಂ-`’ ಇಂದ ಶುರು, ಎರಡನೆಯದು ‘ಎಂ-2’ ಅಥವಾ ‘ಎಂ-3’. ವ್ಯಂಜನಗಳೆಲ್ಲ 2ರ ಕಡೆ; ಕೊಂಬು, ಎತ್ವ, ಒತ್ವ, ಅರ್ಧಾಕ್ಷರದ ಗುರುತು, ಕನ್ನಡ ಅಂಕಿಗಳು 3ರ ಕಡೆ. ಎರಡನೆಯದು ‘ಎಂ-0’ ಅಥವಾ ‘ಎಂ-1’ ಆಗಿದ್ದರೆ ಅದು ತೆಲುಗು. ಬಳ್ಳಾರಿ, ರಾಯಚೂರು ಗಡಿಯ ಪಟ್ಟಿಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಕೀಲಿಮಣೆ ತೆಲುಗಿನಲ್ಲೇ ಉಳಿದಿದ್ದಾಗ ಒತ್ತಿದ ಒಂದು ಅನುಸ್ವಾರ ಕನ್ನಡದ ಅನುಸ್ವಾರದಂತೆಯೇ ಕಾಣುತ್ತದೆ, ಹೆಸರು ಮಾತ್ರ ಬೇರೆಯಾಗಿಬಿಡುತ್ತದೆ.

ಅನುಸ್ವಾರದ್ದೇ ಇನ್ನೊಂದು ರಗಳೆ, ಇದು ಗಡಿ ದಾಟಿ ಬಂದದ್ದಲ್ಲ, ನಮ್ಮದೇ. ‘ಂ’ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತುವುದು. ‘ಗ೦ಗಾವತಿ’, ‘ಲಿ೦ಗಸುಗೂರು’ ಎಂದು ಸೊನ್ನೆ ಹಾಕಿ ಬರೆದವು ಎಷ್ಟೋ ಫಾಂಟ್‌ಗಳಲ್ಲಿ ಸರಿಯಾಗಿಯೇ ಕಾಣುತ್ತವೆ. ಕ್ಯಾಟ್ ಮುಂದೆ ಗುಟ್ಟು ರಟ್ಟು: ನಿಜವಾದ ಅನುಸ್ವಾರ ‘ಎಂ-`ಎಂ-2ಎಂ-^ಬಿ’, ಸೊನ್ನೆಯಾದರೆ ‘ಎಂ-`ಎಂ-3ಎಂ-&’. ಹೆಸರಿನ ನಡುವೆ ‘ಎಂ-3’ರ ಬೆನ್ನಿಗೆ ‘ಎಂ-&’ ಕಂಡಲ್ಲಿ ಬೆರಳಿಟ್ಟು ನಿಲ್ಲಿ (‘ಎಂ-2’ರ ಬೆನ್ನಿಗಾದರೆ ಅದು ‘ದ’).

‘ಕೊಪ್ಪಳ’ದ್ದು ಇನ್ನೂ ಸೂಕ್ಷ್ಮ. ‘ೊ’ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊ-ಕಾರದ ಕೊಂಬು ಎಂದು ಎರಡಾಗಿಯೂ ಬರೆಯಬಹುದು. ಯೂನಿಕೋಡ್ ನಿಯಮದಂತೆ ಎರಡೂ ಸಮಾನ, ಬೈಟ್ ಲೆಕ್ಕದಲ್ಲಿ 18 ಮತ್ತು 21. ಗ್ರೆಪ್‌ನಂಥ ಹುಡುಕುವ ಆಜ್ಞೆಗೆ ಬೈಟ್ ಹೊಂದಬೇಕು, ಅದು ಸಮಾನತೆ ನೋಡುವುದಿಲ್ಲ. ಒಂದೇ ಸಂಕೇತವಾದರೆ ‘ಎಂ-`ಎಂ-3ಎಂ-^ಜೆ’. ಒಡೆದು ಬರೆದಿದ್ದರೆ ‘ಎಂ-^ಎಫ್’ ಮತ್ತು ‘ಎಂ-^ಬಿ’ಯಲ್ಲಿ ಮುಗಿಯುವ ಎರಡು ಗುಂಪು.

ವೆಬ್ ಪುಟದಿಂದ ನಕಲು ಮಾಡಿದ ಪಟ್ಟಿಯಲ್ಲಿ ‘ಎಂ-ಬಿಎಂ-’ ಮತ್ತು ಅದರ ಬೆನ್ನಿಗೊಂದು ಖಾಲಿ ಜಾಗ ಕಂಡರೆ ಅದು ಮುರಿಯದ ಸ್ಪೇಸ್. ಎಕ್ಸೆಲ್‌ನ ಟ್ರಿಮ್ (ಹೆಚ್ಚಿನ ಸ್ಪೇಸ್ ತೆಗೆಯುವ ಸೂತ್ರ) ಇದನ್ನು ಮುಟ್ಟುವುದೇ ಇಲ್ಲ. ಕಡತದ ಮೊಟ್ಟಮೊದಲಿಗೆ ‘ಎಂ-ಒಎಂ-;ಎಂ-?’ (ಒ ಚಿಕ್ಕದು) ಇದ್ದರೆ ಅದು ಬಾಮ್, ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂದು ಉಳಿಸಿದಾಗ ಅಂಟಿಕೊಳ್ಳುವ ಮೂರು ಬೈಟ್. ಮೊದಲ ಕಾಲಮ್ಮಿನ ತಲೆಬರಹ ಮಾತ್ರ ಹೊಂದದಿರಲು ಇದು ಕಾರಣ.

‘ಎಂ-ಬಿಎಂ-^@ಎಂ-^ಎಲ್’ ಥರದ್ದಕ್ಕೆ (ಮೊದಲ ಬಿ ಚಿಕ್ಕದು) ಮಾತ್ರ ಕೈ ಹಾಕುವ ಮುಂಚೆ ಯೋಚಿಸಿ. ಅದು ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸುವ ಗುರುತು. ತೆಗೆದರೆ ‘ಯಾರ್ಡ್‌ನಲ್ಲಿ’ ಹೋಗಿ ‘ಯಾರ್ಡ್ನಲ್ಲಿ’ ಆಗುತ್ತದೆ. ಕೊನೆಯಲ್ಲಿ ^ಎಂ ಇದ್ದರೆ ಕೂಡಿಸುವ ಗುರುತು, ‘ರ್‍ಯಾಂಕ್’ ಬರೆಯಲು ಬೇಕೇ ಬೇಕು. ಕಾಣದ್ದೆಲ್ಲ ಕಸವಲ್ಲ.

ಗುಂಪುಗಳೇ ಬೇರೆ ಥರ ಕಂಡು, ‘ಎಂ-ಸಿಎಂ-^@’ ಹೆಜ್ಜೆಗೊಮ್ಮೆ ಬರುತ್ತಿದ್ದರೆ ಅದು ಹಳೇ ನುಡಿ ಫಾಂಟಿನ ಪಠ್ಯ, ಯೂನಿಕೋಡ್ ಅಲ್ಲವೇ ಅಲ್ಲ. ಡಿಟಿಪಿ ಅಂಗಡಿಯಿಂದ ಬಂದ ಕಡತಕ್ಕೆ ಮೊದಲು ಪರಿವರ್ತಕ, ಆಮೇಲೆ ಉಳಿದದ್ದು. ಊರ ಹೆಸರಿದ್ದ ಕಡೆ ಬರೀ ???? ಇದ್ದರೆ ಯಾರೋ ಸಾದಾ ‘ಸಿಎಸ್‌ವಿ’ ಎಂದು ಉಳಿಸಿದ್ದಾರೆ. ಆ ಅಕ್ಷರಗಳು ಹೋದವು, ಮೂಲ ಹಾಳೆಯನ್ನೇ ತರಿಸಬೇಕು.

ಸಾಧನದ ದೊಡ್ಡ ದೋಷ: ಕಡತದಲ್ಲೇ ^ ಮತ್ತು ಐ ಎಂಬ ಎರಡಕ್ಷರ ಇದ್ದರೂ, ನಿಜವಾದ ಟ್ಯಾಬ್ ಇದ್ದರೂ ಒಂದೇ ಥರ ತೋರಿಸುತ್ತದೆ. ಅನುಮಾನ ಬಂದರೆ ‘ಸೆಡ್ -ಎನ್ ಎಲ್’ ಬಳಸಿ. ಟ್ಯಾಬನ್ನು \ಟಿ ಎಂದೂ, ಕಡತದಲ್ಲಿರುವ ನಿಜವಾದ \ ಅನ್ನು \\ ಎಂದೂ ಬಿಡಿಸಿ ಹೇಳುತ್ತದೆ. ಸಾಲು 70 ಅಕ್ಷರಕ್ಕೆ ಮುರಿಯುತ್ತದೆ, ‘ಎಲ್ 0’ ಅಂದರೆ ಮುರಿಯದು. ಕನ್ನಡಕ್ಕೆ ‘ಎಕ್ಸ್‌ಎಕ್ಸ್‌ಡಿ -ಜಿ 3 -ಸಿ 15’ ಇನ್ನೂ ಸಲೀಸು: ಮೂರು ಮೂರು ಬೈಟ್‌ನ ಗುಂಪು, ಸಾಲಿಗೆ ಐದು ಸಂಕೇತ. ನಡುವೆ ಒಂದು ಅಲ್ಪವಿರಾಮ ಬಂದರೂ ಗುಂಪು ಜಾರುತ್ತದೆ, ಆದ್ದರಿಂದ ಒಂದೊಂದೇ ಹೆಸರು ಕೊಟ್ಟು ನೋಡಿ. ಬೈಟ್ ಓದುವ ತಾಳ್ಮೆಯೇ ಇಲ್ಲದವರಿಗೆ ‘ಯುಕಾನ್ವ್ -ಎಕ್ಸ್ ಎನಿ-ನೇಮ್’ ಪ್ರತಿ ಸಂಕೇತದ ಪೂರ್ತಿ ಹೆಸರು ಬರೆದುಕೊಡುತ್ತದೆ. ಉಬುಂಟುವಿನಲ್ಲಿ ಐಸಿಯು-ಡೆವ್‌ಟೂಲ್ಸ್ ಪ್ಯಾಕೇಜು ಹಾಕಿಕೊಳ್ಳಬೇಕು. ಅದೇ ಆಜ್ಞೆಗೆ ‘ಎನಿ-ನೇಮ್’ ಬದಲು ‘ಎನ್‌ಎಫ್‌ಸಿ’ ಕೊಟ್ಟರೆ ಒಡೆದ ‘ಕೊಪ್ಪಳ’ ಒಂದಾಗುತ್ತದೆ. ತೆಲುಗು ಅನುಸ್ವಾರವನ್ನಾಗಲೀ ಅಂಕಿ ಸೊನ್ನೆಯನ್ನಾಗಲೀ ಅದು ತಿದ್ದುವುದಿಲ್ಲ. ಅವು ಯೂನಿಕೋಡ್ ಪ್ರಕಾರ ಬೇರೆಯೇ ಅಕ್ಷರಗಳು.

ಮ್ಯಾಕ್‌ನಲ್ಲಿ ‘-ಎ’ ನಡೆಯದಿದ್ದರೆ ‘ಕ್ಯಾಟ್ -ಇಟಿ’ ಎನ್ನಿ, ಅದು ಲಿನಕ್ಸ್‌ನಲ್ಲೂ ನಡೆಯುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಕ್ಯಾಟ್ ಎಂಬುದು ಬೇರೊಂದು ಆಜ್ಞೆಯ ಅಡ್ಡಹೆಸರು, ಅಲ್ಲಿ ಈ ಕೆಲಸ ಆಗದು. ಗಿಟ್ ಬ್ಯಾಶ್ ಹಾಕಿಕೊಂಡರೆ ಗ್ನೂ ಕ್ಯಾಟ್ ಜೊತೆಗೇ ಬರುತ್ತದೆ.

ಕ್ಯಾಟ್ ತೋರಿಸುತ್ತದೆ ಅಷ್ಟೆ, ತಿದ್ದುವುದಿಲ್ಲ. ‘ಡಾಸ್2ಯುನಿಕ್ಸ್’ ಆಜ್ಞೆ ^ಎಂ ಮತ್ತು ಬಾಮ್ ಎರಡನ್ನೂ ತೆಗೆಯುತ್ತದೆ. ಇಂಗ್ಲಿಷ್ ಜಾಲತಾಣಗಳಲ್ಲಿ ಸಿಗುವ ‘ಮುದ್ರಿಸಲಾಗದ್ದನ್ನೆಲ್ಲ ಟಿಆರ್‌ನಿಂದ ಅಳಿಸಿ’ ಎಂಬ ಸಲಹೆಯನ್ನು ಮಾತ್ರ ಪಾಲಿಸಬೇಡಿ. ಟಿಆರ್ ಅಂದರೆ ಅಕ್ಷರ ಬದಲಿಸುವ, ಅಳಿಸುವ ಆಜ್ಞೆ; ಗ್ನೂ ಟಿಆರ್ ಸಹ ಬೈಟ್ ಲೆಕ್ಕದ್ದೇ. ಪಟ್ಟಿಯ ಕನ್ನಡವನ್ನೆಲ್ಲ ಗುಡಿಸಿ ಹಾಕಿ ಫೋನ್ ನಂಬರು, ಮೊತ್ತ ಮಾತ್ರ ಉಳಿಸುತ್ತದೆ. ಮೊದಲು ಪ್ರತಿ ಇಟ್ಟುಕೊಂಡು, ತಿದ್ದುವ ಮುಂಚೆ ಮತ್ತು ನಂತರ ‘ಡಬ್ಲ್ಯೂಸಿ -ಸಿ’ ಓಡಿಸಿ, ಅದು ಬೈಟ್ ಎಣಿಸುತ್ತದೆ. ಬಾಮ್ ಇದ್ದ 500 ಸಾಲಿನ ವಿಂಡೋಸ್ ಕಡತ ಡಾಸ್2ಯುನಿಕ್ಸ್ ದಾಟಿದ ಮೇಲೆ ಸರಿಯಾಗಿ 503 ಬೈಟ್ ಕಡಿಮೆಯಾಗಬೇಕು. 503ಕ್ಕಿಂತ ಹೆಚ್ಚು ಕರಗಿದ್ದರೆ ಪ್ರತಿಯನ್ನು ತೆಗೆದು ಮತ್ತೆ ಶುರು ಮಾಡಿ.