ಡ್ರೈ ಐಸ್ ಪಾಟಿಗೆ ಅಸಿಟೋನೋ, ಐಪಿಎಯೋ?

ಪ್ರೊಸೆಸರ್ ಚಿಪ್ಪನ್ನು ತಣಿಸಲು ಅದರ ಮೇಲೆ ಕೂರಿಸುವ ತಾಮ್ರದ ಪಾತ್ರೆಯೇ ಪಾಟ್. ಅದರಲ್ಲಿ ಡ್ರೈ ಐಸ್, ಅಂದರೆ ಘನ ಕಾರ್ಬನ್ ಡೈಆಕ್ಸೈಡ್ ಜೊತೆ ಯಾವ ದ್ರವ ಹಾಕಬೇಕು ಎಂಬುದು ಪ್ರಶ್ನೆ. ನನ್ನ ಓಟು ಐಪಿಎಗೆ, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲಿಗೆ. ಎಫ್‌ಎಕ್ಸ್-8350ರಂಥ ಹಳೇ ಚಿಪ್ಪನ್ನು ಮನೆಯ ಕೋಣೆಯಲ್ಲೇ ಓವರ್‌ಕ್ಲಾಕ್ ಮಾಡುವ, ಅಂದರೆ ನಿಗದಿತ ವೇಗಕ್ಕಿಂತ ಜೋರಾಗಿ ಓಡಿಸುವವರಿಗೆ ಅಸಿಟೋನಿನ ರಗಳೆ ಬೇಕಿಲ್ಲ.

ದ್ರವವೇ ಇಲ್ಲದೆ ಬರೀ ಐಸ್ ತುಂಬಿದರೆ ಆಗದೇ? ಆಗದು. ತಳಕ್ಕೂ ಐಸಿಗೂ ನಡುವೆ ಅನಿಲದ ಪದರ ನಿಂತು ಶಾಖ ದಾಟುವುದಿಲ್ಲ.

ಎರಡಕ್ಕೂ ಪಾಟ್ ಒಂದೇ: ಲೇತಿನಲ್ಲಿ ಕೊರೆಸಿದ ಸುಮಾರು 2 ಕೆಜಿ ತಾಮ್ರ, ಒಳಗೆ 300 ಮಿ.ಲೀ. ದ್ರವ, ತಳದ ಪಕ್ಕದ ತೂತಿನಲ್ಲಿ ತಾಪಮಾನ ಅಳೆಯುವ ಕೆ-ಟೈಪ್ ಥರ್ಮೋಕಪಲ್ ತಂತಿ. ಸೊನ್ನೆಗಿಂತ ಕೆಳಗೆ ಚಿಪ್ಪಿನ ಸ್ವಂತ ಸೆನ್ಸರನ್ನು ನಂಬುವಂತಿಲ್ಲ. ಇಷ್ಟನ್ನು ತಣಿಸುವುದಕ್ಕೇ ಕಾಲು ಕೆಜಿ ಐಸ್ ಹೋಗುತ್ತದೆ. ಆಮೇಲೆ 150 ವ್ಯಾಟ್ ಶಾಖಕ್ಕೆ ಗಂಟೆಗೆ ಒಂದು ಕೆಜಿ ಲೆಕ್ಕ, ಸೋರಿಕೆ ಬೇರೆ.

ಡ್ರೈ ಐಸ್ ಮೈನಸ್ 78.5 ಡಿಗ್ರಿ. ಅಸಿಟೋನ್ ಹೆಪ್ಪುಗಟ್ಟುವುದು ಮೈನಸ್ 95ರಲ್ಲಿ, ಐಪಿಎ ಮೈನಸ್ 89ರಲ್ಲಿ. ಎರಡೂ ದ್ರವವಾಗೇ ಉಳಿಯುತ್ತವೆ, ಆದರೆ ಒಂದೇ ಥರ ಅಲ್ಲ.

ಐಪಿಎಯ ತಲೆನೋವು ಇಲ್ಲಿಯೇ. ಮೈನಸ್ 60 ದಾಟಿದ ಮೇಲೆ ಅದು ಎಣ್ಣೆಯಂತೆ ಮಂದವಾಗುತ್ತದೆ. ಗುಳ್ಳೆಗಳು ಬೇಗ ಮೇಲೇಳದೆ ಒಳಗೇ ಸಿಕ್ಕಿಕೊಳ್ಳುತ್ತವೆ. ಆಗ ನಿಂಬೆಹಣ್ಣಿನ ಗಾತ್ರದ ತುಂಡು ಹಾಕಿದಿರೋ, ಕಾದ ಹಾಲಿನಂತೆ ಉಕ್ಕಿ ಬೋರ್ಡಿನ ಮೇಲೆ ಇಳಿಯುತ್ತದೆ.

ಉಪಾಯ ಸರಳ. ಪಾಟನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕಡಲೆಕಾಳಿನಷ್ಟು ಮಾಡಿ, ಮೊದಲ ಹತ್ತು ನಿಮಿಷ ಚಮಚದಲ್ಲಿ ಹಾಕಿ. ಮರದ ಕಡ್ಡಿಯಿಂದ ತಳ ಕೆದಕುತ್ತಿರಿ.

ಐಪಿಎ ಮಂದವಾಗಲು ಇನ್ನೊಂದು ಕಾರಣ ನೀರು. ಮೆಡಿಕಲ್ ಶಾಪಿನ 70 ಪರ್ಸೆಂಟ್ ಐಪಿಎ ತಂದವರಿಗೆ ಪಾಟಿನಲ್ಲಿ ಗಂಜಿ ಸಿಗುತ್ತದೆ. 99 ಪರ್ಸೆಂಟಿನದೇ ಬೇಕು. ಅದೂ ಗಾಳಿಯ ತೇವ ಹೀರುತ್ತದೆ, ಬೆಂಗಳೂರಿನ ಜುಲೈನಲ್ಲಂತೂ ಕೇಳಬೇಡಿ. ನಾಲ್ಕೈದು ಸಲ ಬಳಸಿದ ದ್ರವವನ್ನು ಹೀಟ್‌ಸಿಂಕ್ ಒರೆಸಲು ಇಟ್ಟುಕೊಂಡು ಪಾಟಿಗೆ ಹೊಸದು ಹಾಕಿ.

ಅಸಿಟೋನ್ ಈ ಚಳಿಯಲ್ಲೂ ನೀರಿನಷ್ಟೇ ತೆಳ್ಳಗೆ. ಲೋಡ್ ಏರಿದಾಗ ತಳದ ತಾಪಮಾನ ಹೆಚ್ಚು ಅಲುಗಾಡುವುದಿಲ್ಲ. ಅದನ್ನು ಒಪ್ಪಲೇಬೇಕು. ಆದರೆ ಡ್ರೈ ಐಸ್ ಬರುವುದೇ ಥರ್ಮಾಕೋಲ್ ಡಬ್ಬಿಯಲ್ಲಿ, ಪಾಟಿಗೆ ಸುತ್ತುವುದೂ ಬಹಳ ಸಲ ಥರ್ಮಾಕೋಲನ್ನೇ. ಒಂದು ಹನಿ ಅಸಿಟೋನ್ ಬಿದ್ದಲ್ಲಿ ಅದು ಚುಯ್ ಎಂದು ಕರಗಿ ತೂತಾಗುತ್ತದೆ. ಅಕ್ರಿಲಿಕ್ ಪ್ಯಾನೆಲ್, ಎಬಿಎಸ್ ಪ್ಲಾಸ್ಟಿಕ್ಕಿಗೂ ಅದೇ ಗತಿ. ನೈಟ್ರೈಲ್ ಕೈಗವಸೂ ಹೆಚ್ಚು ಹೊತ್ತು ತಡೆಯದು.

ಬೆಂಕಿಯ ಭಯ ಎರಡಕ್ಕೂ ಇದೆ. ಫ್ಲ್ಯಾಶ್ ಪಾಯಿಂಟ್, ಅಂದರೆ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲ ಕನಿಷ್ಠ ತಾಪಮಾನ, ಅಸಿಟೋನಿಗೆ ಮೈನಸ್ 20, ಐಪಿಎಗೆ ಸುಮಾರು 12 ಡಿಗ್ರಿ. ಪಾಟ್ ತಣ್ಣಗಿರುವಾಗ ಆವಿ ಕಡಿಮೆ; ಸುರಿಯುವಾಗ, ಕೆಲಸ ಮುಗಿದು ಬೆಚ್ಚಗಾಗುವಾಗ ಜಾಗ್ರತೆ. ಒಂದು ಕೆಜಿ ಐಸಿನಿಂದ 500 ಲೀಟರಿಗೂ ಮೀರಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಕಿಟಕಿ ಬಾಗಿಲು ತೆರೆದೇ ಇರಲಿ.

ಇಬ್ಬನಿ ತಡೆಗೆ ಸಾಕೆಟ್ ತೂತುಗಳಲ್ಲಿ ವ್ಯಾಸಲೀನ್, ಸುತ್ತಲೂ ಎಸಿ ಪೈಪಿನ ಕಪ್ಪು ಫೋಮ್. ಇದರಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಬಯಲಲ್ಲಿ ಬೆಂಚ್ ಹಾಕಿ, ಮೆಗಾಹರ್ಟ್ಸ್ ಲೆಕ್ಕದಲ್ಲಿ ಸ್ಪರ್ಧೆಗಿಳಿಯುವವರು ಅಸಿಟೋನ್ ತನ್ನಿ. ತಿಂಗಳಿಗೊಂದು ಭಾನುವಾರ ಆಡುವವರಿಗೆ ಒಂದು ಲೀಟರ್ ಐಪಿಎ ಸಾಕು, ಉಳಿದದ್ದು ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒರೆಸಲೂ ಆಗುತ್ತದೆ. ತಣ್ಣಗಿರುವಾಗಲೇ ಬಾಟಲಿಗೆ ಸುರಿದು ಬಿರಡೆ ಬಿಗಿಯಬೇಡಿ. ಕರಗಿದ ಅನಿಲ ಹೊರಬಂದು ಬಾಟಲಿ ಉಬ್ಬುತ್ತದೆ. ರಾತ್ರಿಯಿಡೀ ಪಾಟಿನಲ್ಲೇ ಬಿಟ್ಟು, ಬೆಳಿಗ್ಗೆ ಸೋಸಿ ತುಂಬಿಸಿ.