ಕೆಂಪು ಗೆರೆ ಬರಲಿಲ್ಲ ಅಂದರೆ ಸರಿ ಇದೆ ಅಂತಲ್ಲ: ಕನ್ನಡ ಕೀಬೋರ್ಡಿನ ಕಾಗುಣಿತ ತಪಾಸಣೆಗೆ ಐದಕ್ಕೆ ಮೂರು

ಫೋನಿನ ಕನ್ನಡ ಕೀಬೋರ್ಡಿನಲ್ಲಿರುವ ಕಾಗುಣಿತ ತಪಾಸಣೆಯನ್ನು ದಿನವೂ ಬಳಸುತ್ತೇನೆ. ಬರೆಯುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಕಟ್ಟುನಿಟ್ಟಾಗಿಯೇ ನೋಡಿದ್ದೇನೆ.

‘ವಿಧ್ಯಾರ್ಥಿ’, ‘ಶುಭಾಷಯ’, ‘ಚಿನ್ಹೆ’ ಅಂತ ಟೈಪ್ ಮಾಡಿದರೆ ತಕ್ಷಣ ಕೆಂಪು ಗೆರೆ ಎಳೆದು ವಿದ್ಯಾರ್ಥಿ, ಶುಭಾಶಯ, ಚಿಹ್ನೆ ಅಂತ ತೋರಿಸುತ್ತದೆ. ಇವು ಎಲ್ಲೆಲ್ಲೂ ಕಾಣುವ ತಪ್ಪುಗಳು. ಇಷ್ಟಕ್ಕೇ ಇದನ್ನು ಇಟ್ಟುಕೊಳ್ಳಬಹುದು.

ತೊಂದರೆ ಇರುವುದು ನಾವು ಬರೆದದ್ದು, ಬರೆಯಬೇಕಾಗಿದ್ದದ್ದು ಎರಡೂ ನಿಜವಾದ ಪದಗಳೇ ಆಗಿರುವ ಕಡೆ. ಪರೀಕ್ಷೆ ಮಾಡೋಣ ಅಂತ ‘ಪ್ರಶಸ್ತಿ ಪ್ರಧಾನ ಸಮಾರಂಭ’ ಅಂತ ಬರೆದೆ, ಗೆರೆ ಬರಲೇ ಇಲ್ಲ. ಪ್ರದಾನ ಅಂದರೆ ಕೊಡುವುದು, ಪ್ರಧಾನ ಅಂದರೆ ಮುಖ್ಯವಾದದ್ದು, ಇಲ್ಲಿ ಬೇಕಾದದ್ದು ಮೊದಲನೆಯದು ಅಲ್ವಾ? ‘ಮಧ್ಯ ಸೇವನೆ’ಗೂ ಸುಮ್ಮನಿತ್ತು. ಕುಡಿಯುವುದು ಮದ್ಯ, ನಡುವೆ ಇರುವುದು ಮಧ್ಯ. ಗೃಹ ಸಾಲ ‘ಗ್ರಹ ಸಾಲ’ ಆದರೂ ಅದಕ್ಕೆ ತಕರಾರಿಲ್ಲ. ಒಂದೊಂದೇ ಪದ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ನೋಡುತ್ತದೆ, ಪಕ್ಕದ ಪದದ ಕಡೆ ತಿರುಗುವುದೇ ಇಲ್ಲ.

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವವರಿಗೆ ಈ ಕಾಟ ಇನ್ನೂ ಜಾಸ್ತಿ. ಬಹಳ ಜನ ದ, ಧ ಎರಡಕ್ಕೂ ‘ಡಿ, ಎಚ್’ ಒತ್ತುತ್ತಾರೆ, ಶ, ಷ ಎರಡಕ್ಕೂ ‘ಎಸ್, ಎಚ್’, ಆಮೇಲೆ ಕೀಬೋರ್ಡ್ ಊಹಿಸಿ ಮುಂದಿಟ್ಟ ಮೊದಲ ಪದವನ್ನೇ ಆರಿಸಿಕೊಂಡು ಹೋಗಿಬಿಡುತ್ತಾರೆ. ಕನ್ನಡ ಅಕ್ಷರಗಳೇ ಇರುವ ಕೀಬೋರ್ಡಿಗೆ ಬದಲಾಯಿಸಿ ನೋಡಿ. ಧ ಬೇಕೋ ದ ಬೇಕೋ ಅಂತ ನೀವೇ ಯೋಚಿಸಬೇಕಾಗುತ್ತದೆ. ವೇಗ ಕಮ್ಮಿ, ತಪ್ಪೂ ಕಮ್ಮಿ.

ಸರಿ ಇದ್ದದ್ದಕ್ಕೂ ಗೆರೆ ಎಳೆಯುವುದು ಇನ್ನೊಂದು ರಗಳೆ. ‘ಹೋಗಬೇಕಾಗಿತ್ತಂತೆ’ ಅನ್ನುವುದು ಅದಕ್ಕೆ ತಪ್ಪು. ಕನ್ನಡದಲ್ಲಿ ಪ್ರತ್ಯಯಗಳು ಒಂದರ ಹಿಂದೆ ಒಂದು ಸೇರುತ್ತಾ ಹೋಗುತ್ತವೆ, ಅಷ್ಟೂ ರೂಪಗಳನ್ನು ಪಟ್ಟಿ ಮಾಡುವುದು ಕಷ್ಟ, ಒಪ್ಪುತ್ತೇನೆ. ಆದರೆ ‘ಕತೆ’ಯನ್ನು ಕೇಳದೆಯೇ ‘ಕಥೆ’ ಮಾಡುವುದನ್ನು ಮಾತ್ರ ಒಪ್ಪಲಾರೆ. ಕತೆ ತದ್ಭವ, ಎರಡೂ ಸರಿ.

ಹಾಕಿಕೊಳ್ಳುವವರು ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ತಿದ್ದುವುದನ್ನು ಆಫ್ ಮಾಡಿ, ಕೆಂಪು ಗೆರೆ ಮಾತ್ರ ಉಳಿಸಿಕೊಳ್ಳಿ. ಅದು ಕಲಿತುಕೊಂಡ ಪದಗಳ ಪಟ್ಟಿಯನ್ನೂ ಆಗಾಗ ತೆರೆದು ನೋಡಿ. ತಪ್ಪು ಪದ ಒಮ್ಮೆ ಒಳಗೆ ಸೇರಿದರೆ ಅದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ಬ್ಯಾನರ್, ಆಮಂತ್ರಣದಂಥದ್ದನ್ನು ಪ್ರಿಂಟಿಗೆ ಕೊಡುವಾಗಂತೂ ಇದನ್ನು ನಂಬಬೇಡಿ, ಅನುಮಾನ ಬಂದ ಪದಕ್ಕೆ ನಿಘಂಟನ್ನೇ ತೆರೆಯಿರಿ.